ಮೂರನೇ ಪುಟದ ಜನಸಾಗರ

ಪ್ರಿಯ ಬರಹಗಾರರೆ,

ಫ್ರಾನ್ಸಿನ ಕ್ರಾಂತಿಯ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಭಾಷೆ ಸಲೀಸಾಗಿದೆ, ಇಸವಿಗಳು ಸರಿಯಾಗಿವೆ, ವರ್ಸೇಲ್ಸ್ ಅರಮನೆಯ ವರ್ಣನೆ ಕಣ್ಣಿಗೆ ಕಟ್ಟುತ್ತದೆ. ಆದರೆ ಮೂರನೇ ಪುಟದ ಒಂದು ಪ್ಯಾರಾ ಓದುವಾಗ ಸಿಟ್ಟು ಬಂತು. ಯಾಕೆ ಅಂತ ಹೇಳದೆ ಲೇಖನ ವಾಪಸು ಮಾಡಿದರೆ ನಿಮಗೆ ಅನ್ಯಾಯ ಮಾಡಿದಂತೆ.

ಆ ಪ್ಯಾರಾ ಶುರುವಾಗುವುದು ಹೀಗೆ: "ಶತಮಾನಗಳ ಹಸಿವು 1789ರಲ್ಲಿ ಜ್ವಾಲಾಮುಖಿಯಾಗಿ ಸಿಡಿಯಿತು." ಶತಮಾನಗಳಿಂದ ಇದ್ದ ಹಸಿವು ಆ ವರ್ಷವೇ ಯಾಕೆ ಸಿಡಿಯಿತು? ಹಸಿದವರೆಲ್ಲ ದಂಗೆ ಏಳುವುದಾಗಿದ್ದರೆ ಲೋಕದಲ್ಲಿ ಒಬ್ಬ ಅರಸನೂ ಉಳಿಯುತ್ತಿರಲಿಲ್ಲ. 1788ರ ಜುಲೈ 13ರಂದು ಆಲಿಕಲ್ಲು ಮಳೆ ಬಿದ್ದು ಕೊಯ್ಲಿಗೆ ಬಂದ ಬೆಳೆ ನೆಲ ಕಚ್ಚಿತು. ಹಿಂದೆಯೇ ಕಡುಚಳಿ. ಪ್ಯಾರಿಸ್ಸಿನಲ್ಲಿ ಎಂಟೊಂಬತ್ತು ಸೂ (ಆಗಿನ ಫ್ರಾನ್ಸಿನ ಚಿಲ್ಲರೆ ನಾಣ್ಯ) ಇದ್ದ ನಾಲ್ಕು ಪೌಂಡಿನ ಬ್ರೆಡ್ಡು 14.5 ಸೂಗೆ ಏರಿತು. ಕೂಲಿಯವನಿಗೆ ದಿನಕ್ಕೆ ಸಿಗುತ್ತಿದ್ದದ್ದು 20ರಿಂದ 30 ಸೂ. ನಾಲ್ಕು ಜನರ ಮನೆಗೆ ದಿನಕ್ಕೆ ಅಂಥ ಎರಡು ಬ್ರೆಡ್ಡು ಬೇಕು. ನೀವೇ ಕೂಡಿಸಿ ನೋಡಿ, ಮನೆ ಬಾಡಿಗೆಗೆ, ಸೌದೆಗೆ ಏನು ಉಳಿಯಿತು ಅಂತ. ಈ ಲೆಕ್ಕ ನಿಮ್ಮ ಲೇಖನದಲ್ಲಿ ಎಲ್ಲೂ ಇಲ್ಲ.

ಬರೀ ಈ ಲೆಕ್ಕವೂ ಸಾಲದು. 1789ರ ವಸಂತದಲ್ಲಿ ದೊರೆ ಹದಿನಾರನೇ ಲೂಯಿ ತಾನಾಗಿಯೇ ಪ್ರಜೆಗಳನ್ನು ಕೇಳಿದ್ದ, ನಿಮ್ಮ ಕಷ್ಟ ಏನು, ಬರೆದು ಕಳಿಸಿ ಎಂದು. ಜನ ಊರೂರಲ್ಲಿ ಸೇರಿ ಅಹವಾಲು ಬರೆಸಿದರು. ಎಂಟು ವರ್ಷ ದಾಟಿದ ಪ್ರತಿಯೊಬ್ಬರೂ ಇಂತಿಷ್ಟು ಉಪ್ಪನ್ನು ಸರ್ಕಾರದಿಂದ ಕೊಳ್ಳಲೇಬೇಕೆಂಬ ಕಾನೂನು ದೇಶದ ಅನೇಕ ಕಡೆ ಇತ್ತು. ಅದರ ಬಗ್ಗೆ ಬರೆಸಿದರು. ಜಮೀನ್ದಾರನ ಪಾರಿವಾಳಗಳು ಬಿತ್ತಿದ ಕಾಳು ತಿಂದರೂ ಅವನ್ನು ಕೊಲ್ಲುವ ಹಾಗಿಲ್ಲ ಎಂಬುದನ್ನು ಬರೆಸಿದರು. ದೊರೆ ಒಳ್ಳೆಯವನು, ನಡುವಿನ ಅಧಿಕಾರಿಗಳೇ ಕೆಟ್ಟವರು, ವಿಷಯ ಅವನ ಕಿವಿಗೆ ಬಿದ್ದರೆ ಸರಿಮಾಡುತ್ತಾನೆ ಎಂದು ನಂಬಿದ್ದವರು ಅವರು. ಜುಲೈ ಹೊತ್ತಿಗೆ ಅದೇ ದೊರೆಯ ಪಡೆಗಳು ಪ್ಯಾರಿಸ್ಸಿನ ಸುತ್ತ ಬಂದು ನಿಂತವು. ಜನ ನೆಚ್ಚಿಕೊಂಡಿದ್ದ ಮಂತ್ರಿ ನೆಕರ್‌ನನ್ನು 11ನೇ ತಾರೀಕು ಕಿತ್ತುಹಾಕಲಾಯಿತು. ಕಷ್ಟ ಹೇಳಿ ಅಂತ ಕರೆದವನೇ ಕಿವಿ ಮುಚ್ಚಿಕೊಂಡಾಗ ಆಗುವ ನೋವು ಹಸಿವಿಗಿಂತ ಬೇರೆ. ನಿಮ್ಮ ಜ್ವಾಲಾಮುಖಿ ಆ ನೋವನ್ನು ನುಂಗಿಹಾಕಿದೆ.

ಮುಂದಿನ ಸಾಲು: "ಅರಿವಿಲ್ಲದ ಜನಸಾಗರ ಬ್ಯಾಸ್ಟಿಲ್ ಕೋಟೆಯನ್ನು ಕೊಚ್ಚಿಕೊಂಡು ಹೋಯಿತು." ಯಾರಿಗೆ ಅರಿವಿರಲಿಲ್ಲ? ಜುಲೈ 14ರ ಬೆಳಿಗ್ಗೆ ಅವರು ಇನ್ವಾಲೀಡ್ಸ್ ಎಂಬ ಹಳೆಯ ಸೈನಿಕರ ಆಶ್ರಯಧಾಮದಿಂದ ಕೋವಿಗಳನ್ನು ತಂದಿದ್ದರು. ಕೋವಿಗೆ ಮದ್ದು ಬೇಕಿತ್ತು, ಮದ್ದು ಬ್ಯಾಸ್ಟಿಲ್‌ನಲ್ಲಿತ್ತು, ಅದಕ್ಕೇ ಅಲ್ಲಿಗೆ ಹೋದರು. ಸೆರೆಮನೆಯೂ ಆಗಿದ್ದ ಆ ಕೋಟೆಯೊಳಗಿದ್ದ ಕೈದಿಗಳು ಏಳೇ ಜನ. ಕೋಟೆ ಗೆದ್ದವರೆಂದು ಆಮೇಲೆ ಪಟ್ಟಿ ಮಾಡಿದ ಸುಮಾರು 950 ಜನರಲ್ಲಿ ಬಡಗಿಗಳಿದ್ದಾರೆ, ಬೀಗ ಮಾಡುವವರಿದ್ದಾರೆ, ಚಪ್ಪಲಿ ಹೊಲಿಯುವವರಿದ್ದಾರೆ. ಸಾಗರ ಅಂದ ಕೂಡಲೇ ಇವರ ಕಸುಬು, ಕೇರಿ, ಹೆಸರು ಎಲ್ಲ ಮುಳುಗಿಹೋಗುತ್ತವೆ.

ಇದು ನನ್ನನ್ನು ಇಷ್ಟು ಚುಚ್ಚುವುದಕ್ಕೆ ಕಾರಣವಿದೆ. ಇಪ್ಪತ್ತಮೂರನೇ ವಯಸ್ಸಿನಲ್ಲಿ ಚಾಮರಾಜಪೇಟೆಯ ಒಂದು ವಾರಪತ್ರಿಕೆಯಲ್ಲಿ ಕರಡು ತಿದ್ದುವ ಕೆಲಸಕ್ಕೆ ಸೇರಿದ್ದೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮಲೆನಾಡಿನ ನಗರ ಸೀಮೆಯ ರೈತರು ಎದ್ದ ದಂಗೆಯ ಬಗ್ಗೆ ನಾಲ್ಕು ಪುಟ ಬರೆದು ಸಂಪಾದಕರ ಮೇಜಿನ ಮೇಲಿಟ್ಟೆ. "1830ರಲ್ಲಿ ಜನಾಕ್ರೋಶ ಭುಗಿಲೆದ್ದಿತು" ಎಂಬ ಸಾಲಿನ ಕೆಳಗೆ ಅವರು ಕೆಂಪು ಗೆರೆ ಎಳೆದು, "ಕಂದಾಯ ಕಟ್ಟೋದು ಬೇಡ ಅಂತ ತೀರ್ಮಾನ ಮಾಡಿದ್ದು ಹೇಗಪ್ಪ? ಯಾರು ಯಾರನ್ನ ಕರೆದರು?" ಅಂದರು. ನನ್ನ ಹತ್ತಿರ ಉತ್ತರವಿರಲಿಲ್ಲ. ವಿಧಾನಸೌಧದಲ್ಲಿದ್ದ ಪತ್ರಾಗಾರಕ್ಕೆ ಮೂರು ವಾರ ಅಲೆದೆ. ಷರತ್ತು ಪದ್ಧತಿ ಆಗ ಅರ್ಥವಾಯಿತು. ಇಷ್ಟು ಕಂದಾಯ ವಸೂಲು ಮಾಡುತ್ತೇನೆಂದು ತಾಲ್ಲೂಕಿನ ಅಧಿಕಾರಿ ಅಮಲ್ದಾರ ಮುಚ್ಚಳಿಕೆ ಬರೆದುಕೊಡಬೇಕು, ಕಡಿಮೆ ಬಿದ್ದರೆ ಕೈಯಿಂದ ತುಂಬಬೇಕು. ಹಾಗಾಗಿ ಅವನು ರೈತನನ್ನು ಹಿಂಡುತ್ತಿದ್ದ. ರೈತರು ಊರಿಂದೂರಿಗೆ ಕಾಗದ ಕಳಿಸಿ ಕೂಟ ಸೇರಿದರು, ಕಂದಾಯ ನಿಲ್ಲಿಸಿದರು. 1831ರಲ್ಲಿ ಬ್ರಿಟಿಷರು ಆಡಳಿತವನ್ನೇ ವಹಿಸಿಕೊಂಡರು. 'ಕೂಟ' ಎಂಬ ಆ ಒಂದು ಪದ ಸಿಕ್ಕಿದ ದಿನ ಬಸ್ಸು ಹತ್ತದೆ ಚಾಮರಾಜಪೇಟೆವರೆಗೆ ನಡೆದೇ ಬಂದಿದ್ದೆ. ಮಾರನೆಯ ದಿನ ಆ ನಾಲ್ಕು ಪುಟಗಳನ್ನು ಹರಿದು ಹೊಸದಾಗಿ ಬರೆಯಲು ಕೂತೆ.

ನಿಮ್ಮ ಲೇಖನದ ಉಳಿದ ಭಾಗಕ್ಕೆ ನಾನು ಕೈಹಾಕುವುದಿಲ್ಲ. ಒಂದು ಮಾತ್ರ ಕೇಳುತ್ತೇನೆ. ಅಕ್ಟೋಬರ್ 5ರಂದು ಪ್ಯಾರಿಸ್ಸಿನ ಸಂತೆಯ ಹೆಂಗಸರು ವರ್ಸೇಲ್ಸ್‌ಗೆ ನಡೆದದ್ದನ್ನು ನೀವು ಒಂದೇ ವಾಕ್ಯದಲ್ಲಿ ಮುಗಿಸಿದ್ದೀರಿ. ಮಳೆಯಲ್ಲಿ ಸುಮಾರು 20 ಕಿಲೋಮೀಟರ್ ನಡೆದವರು ಅವರು. ಮರುದಿನ ದೊರೆಯ ಸಂಸಾರವನ್ನು ಜೊತೆಗೇ ಪ್ಯಾರಿಸ್ಸಿಗೆ ಕರೆತಂದರು. ಬ್ರೆಡ್ಡು ಸುಡುವವನನ್ನು, ಅವನ ಹೆಂಡತಿಯನ್ನು, ಮಗನನ್ನು ಕರೆತಂದೆವು ಎಂದು ದೊರೆ, ರಾಣಿ, ರಾಜಕುಮಾರನನ್ನೇ ಕುರಿತು ದಾರಿಯುದ್ದಕ್ಕೂ ಕೂಗಿಕೊಂಡು ಬಂದರಂತೆ. ಮೂರನೇ ಪುಟದ ಆ ಪ್ಯಾರಾ ತೆಗೆದು ಅಲ್ಲಿಗೆ ಈ ಹೆಂಗಸರನ್ನು ತನ್ನಿ. ಬೆಳಿಗ್ಗೆ ಮನೆ ಬಿಡುವಾಗ ಅವರ ಅಡುಗೆಮನೆಯಲ್ಲಿ ಏನಿತ್ತು, ಏನಿರಲಿಲ್ಲ ಎಂಬಲ್ಲಿಂದ ಶುರುಮಾಡಿ. ಮುಂದಿನ ಸಂಚಿಕೆಯಲ್ಲಿ ಆರು ಪುಟ ನಿಮಗಾಗಿ ಬಿಟ್ಟಿದ್ದೇನೆ; ತಿಂಗಳ ಇಪ್ಪತ್ತರೊಳಗೆ ಕಳಿಸಿ.

ವಿಶ್ವಾಸದಿಂದ,
ಸಂಪಾದಕ
ಬೆಂಗಳೂರು