ಓದುಗರ ಪ್ರಶ್ನೆ: ಏಜೆನ್ಸಿ ಮಾಡೆಲ್‌ನ ಮೊದಲ ಶೂಟ್, ಕೋಟೆಯಲ್ಲೋ ಖಾಲಿ ಗೋಡೆಯ ಮುಂದೋ?

ಪ್ರಶ್ನೆ: ಮದುವೆ ಫೋಟೊ ತೆಗೆಯುತ್ತಿದ್ದ ನಾನು ಈಗ ಫ್ಯಾಷನ್ ಫೋಟೊಗ್ರಫಿಗೆ ಕೈಹಾಕಿದ್ದೇನೆ. ಹೈದರಾಬಾದಿನ ಏಜೆನ್ಸಿಯೊಂದು ತನ್ನ ಹೊಸ ಮಾಡೆಲ್ ಯುವತಿಯನ್ನು, ಆಕೆ ಚಿತ್ರದಲ್ಲಿ ಹೇಗೆ ಕಾಣುತ್ತಾಳೆಂದು ನೋಡುವ ಟೆಸ್ಟ್ ಶೂಟ್‌ಗೆ ಕಳುಹಿಸಲು ಒಪ್ಪಿದೆ, ಹಣದ ವ್ಯವಹಾರವಿಲ್ಲ. ನನ್ನಲ್ಲಿರುವುದು ಕ್ರಾಪ್ ಸೆನ್ಸರ್ (ಫುಲ್ ಫ್ರೇಮ್‌ಗಿಂತ ಚಿಕ್ಕ ಸೆನ್ಸರಿನ) ಕ್ಯಾಮೆರಾ ಮತ್ತು 50 ಎಂ.ಎಂ. ಲೆನ್ಸ್. ಬೀದರ್ ಕೋಟೆಯಲ್ಲಿ ತೆಗೆಯುವ ಆಸೆಯಿದೆ. ಹೇಗೆ ಸಿದ್ಧನಾಗಬೇಕು? ಚಿತ್ರಗಳ ಹಕ್ಕು ಯಾರದು?
– ಓದುಗರೊಬ್ಬರು, ಬೀದರ್

ಉತ್ತರ: ಕೋಟೆಯನ್ನು ಸದ್ಯಕ್ಕೆ ಬಿಟ್ಟುಬಿಡಿ. ಅದು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಿತ ಸ್ಮಾರಕವಾದ್ದರಿಂದ ಟ್ರೈಪಾಡ್, ಲೈಟುಗಳೊಡನೆ ವೃತ್ತಿಪರ ಚಿತ್ರೀಕರಣ ಮಾಡಲು ಮೊದಲೇ ಅನುಮತಿ ಪಡೆಯಬೇಕಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಏಜೆನ್ಸಿಯವರು ನೋಡಬಯಸುವುದು ಆಕೆಯ ಮುಖ, ಮೈಕಟ್ಟು ಮತ್ತು ನಿಲುವನ್ನು. ಕೋಟೆಯೊಳಗಿನ ರಂಗೀನ್ ಮಹಲಿನ ಮುತ್ತಿನ ಚಿಪ್ಪಿನ ಕುಸುರಿಯ ಮುಂದೆ ಯಾರನ್ನು ನಿಲ್ಲಿಸಿದರೂ ನೋಡುವವರ ಕಣ್ಣು ಕುಸುರಿಯ ಕಡೆಗೇ ಹೋಗುತ್ತದೆ.

ಬೆಳಗಿನ ಹೊತ್ತು ನೇರ ಬಿಸಿಲು ಬೀಳದ, ಆದರೆ ಎದುರಿಗೆ ತೆರೆದ ಆಕಾಶವಿರುವ ಒಂದು ಖಾಲಿ ಗೋಡೆ ನಿಮಗೆ ಸಾಕು. ನಮ್ಮ ಕಡೆಯ ಬೇಸಿಗೆಯಲ್ಲಿ ಹತ್ತು ಗಂಟೆಯ ಅನಂತರ ನೆರಳಿನಲ್ಲಿಯೂ ಮುಖ ಬೆವರಿ ಹೊಳೆಯತೊಡಗುವುದರಿಂದ, ಮೇಕಪ್ ಮುಗಿಸಿ ಏಳಕ್ಕೆಲ್ಲ ಕೆಲಸ ಆರಂಭಿಸುವುದು ಒಳ್ಳೆಯದು. ಕಣ್ಣಿನ ಕೆಳಗಿನ ಕಪ್ಪನ್ನು ತಗ್ಗಿಸಲು ಎದೆಯ ಮಟ್ಟದಲ್ಲಿ ಬಿಳಿ ಥರ್ಮಾಕೋಲ್ ಹಾಳೆಯೊಂದನ್ನು ಹಿಡಿಸಿದರೆ ಸಾಕಾಗುತ್ತದೆ.

ನಿಮ್ಮ ಲೆನ್ಸ್ ಬಗ್ಗೆ ಚಿಂತೆ ಬೇಡ. ಪೂರ್ಣಾಕೃತಿಯ ಚಿತ್ರಕ್ಕೆ ಕ್ಯಾಮೆರಾವನ್ನು ಉದ್ದಕ್ಕೆ ಹಿಡಿದು ಸುಮಾರು 5 ಮೀಟರ್ ಹಿಂದೆ ಸರಿಯಿರಿ, ಸೊಂಟದ ಎತ್ತರಕ್ಕೆ ಬಗ್ಗಿರಿ. ಬಗ್ಗದೆ ನಿಂತುಕೊಂಡೇ ತೆಗೆದರೆ ಕಾಲುಗಳು ಗಿಡ್ಡವಾಗಿ ಕಾಣುತ್ತವೆ. ಮುಖದ ಚಿತ್ರಕ್ಕೆ ಕಣ್ಣಿನ ಮಟ್ಟ ಸರಿ. ಎದುರಿನಿಂದ, ಎರಡೂ ಪಕ್ಕಗಳಿಂದ, ಕೂದಲು ಕಟ್ಟಿ ಮತ್ತು ಬಿಟ್ಟು, ಒಂದೆರಡು ಸಾದಾ ಉಡುಪುಗಳಲ್ಲಿ ತೆಗೆದ ಮೇಲೆ ನಿಮ್ಮ ಕಲ್ಪನೆಯ ಫ್ಯಾಷನ್ ಚಿತ್ರಗಳಿಗೆ ಹೋಗಬಹುದು. ಅಂಗಿ ಸಡಿಲವಾಗಿದ್ದರೆ ಬೆನ್ನ ಹಿಂದೆ ಬಟ್ಟೆ ಕ್ಲಿಪ್ ಹಾಕಿ ಬಿಗಿಗೊಳಿಸಿ.

ಮದುವೆ ಆಲ್ಬಮ್ಮಿನ ರೂಢಿಯಂತೆ ಚರ್ಮವನ್ನು ನುಣುಪು ಮಾಡಬೇಡಿ, ಈ ಮಾತನ್ನು ಒತ್ತಿ ಹೇಳುತ್ತೇನೆ. ನಾಳೆ ಮಾಯುವ ಮೊಡವೆಯನ್ನು ಅಳಿಸಬಹುದು. ಮಚ್ಚೆ, ಚರ್ಮದ ರಂಧ್ರ, ಮೈಬಣ್ಣಗಳನ್ನು ಇದ್ದಂತೆಯೇ ಉಳಿಸಬೇಕು. ಚಿತ್ರ ನೋಡಿ ಕರೆಸಿಕೊಂಡ ಗ್ರಾಹಕರ ಮುಂದೆ ಬೇರೆಯೇ ಮುಖ ಬಂದು ನಿಂತರೆ ಮುಜುಗರವಾಗುವುದು ಏಜೆನ್ಸಿಗೆ.

ಆಕೆಯೊಡನೆ ಮನೆಯವರೋ ಗೆಳತಿಯೋ ಬರುವಂತೆ ನೀವೇ ಆಹ್ವಾನಿಸಿ, ಉಡುಪು ಬದಲಿಸಲು ಚಿಲಕವಿರುವ ಕೋಣೆಯನ್ನು ಗೊತ್ತುಮಾಡಿರಿ. ವಯಸ್ಸು 18 ತುಂಬಿರದಿದ್ದರೆ ಪೋಷಕರ ಲಿಖಿತ ಒಪ್ಪಿಗೆಯಿಲ್ಲದೆ ಮುಂದುವರಿಯಬೇಡಿ.

ಹಕ್ಕಿನ ವಿಚಾರವಾಗಿ, 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನಂತೆ ಯಾರಾದರೂ ಹಣ ಕೊಟ್ಟು ತೆಗೆಸಿದ ಚಿತ್ರದ ಸ್ವಾಮ್ಯ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ತೆಗೆಸಿದವರದಾಗುತ್ತದೆ. ಸ್ವತಂತ್ರವಾಗಿ ಕೆಲಸ ಮಾಡುವ ನೀವು ಹಣ ಪಡೆಯದೆ ತೆಗೆಯುವ ಚಿತ್ರಗಳ ಸ್ವಾಮ್ಯ ಸಾಮಾನ್ಯವಾಗಿ ನಿಮ್ಮಲ್ಲೇ ಉಳಿಯುತ್ತದೆ. ಹಾಗೆಂದು ಆಕೆಯ ಮುಖವನ್ನು ಸೀರೆ ಅಂಗಡಿಯ ಜಾಹೀರಾತಿಗೆ ಮಾರುವಂತಿಲ್ಲ. ಚಿತ್ರಗಳನ್ನು ಯಾರು, ಎಲ್ಲೆಲ್ಲಿ ಬಳಸಬಹುದೆಂಬುದನ್ನು ಒಂದು ಹಾಳೆಯಲ್ಲಿ ಬರೆದು, ಶೂಟ್‌ಗೆ ಮೊದಲೇ ನೀವು, ಆಕೆ, ಏಜೆನ್ಸಿ ಮೂವರೂ ಸಹಿ ಹಾಕಿಕೊಳ್ಳಿ.