ಕೇಳಿ, ಹೇಳುತ್ತೇವೆ: ಓಟಿಯಿಂದ ಲ್ಯಾಬಿಗೆ ಹೋಗುವ ಆ ಡಬ್ಬಿ

ಪ್ರಶ್ನೆ: ನಾನು ಓಟಿಗೆ (ಆಪರೇಷನ್ ಥಿಯೇಟರಿಗೆ) ಹೊಸದಾಗಿ ಬಂದ ಸ್ಟಾಫ್ ನರ್ಸ್. ಒಂದೇ ಆಪರೇಷನ್‌ನಲ್ಲಿ ಮೂರು ನಾಲ್ಕು ಸ್ಯಾಂಪಲ್ ತೆಗೆಯುತ್ತಾರೆ. "ಎಲ್ಲಾ ಮುಗಿದ ಮೇಲೆ ಒಟ್ಟಿಗೆ ಲೇಬಲ್ ಹಚ್ಚಿದರಾಯ್ತು" ಅನ್ನುತ್ತಾರೆ ಸೀನಿಯರ್‌ಗಳು. ನನಗೆ ಭಯ. ಸರಿಯಾದ ಕ್ರಮ ಯಾವುದು?

ಉತ್ತರ: ಭಯ ಇರಲಿ ಬಿಡಿ, ಈ ಕೆಲಸಕ್ಕೆ ಅದು ಬೇಕು. ಆದರೆ "ಒಟ್ಟಿಗೆ ಹಚ್ಚಿದರಾಯ್ತು" ಅನ್ನುವ ಮಾತಿಗೆ ಮಾತ್ರ ತಲೆಯಾಡಿಸಬೇಡಿ. ಲ್ಯಾಬಿನಲ್ಲಿ ಎಷ್ಟೇ ಒಳ್ಳೆಯ ಡಾಕ್ಟರ್ ಇದ್ದರೂ, ಡಬ್ಬಿಯ ಮೇಲೆ ಬೇರೆಯವರ ಹೆಸರಿದ್ದರೆ ರಿಪೋರ್ಟೂ ಬೇರೆಯವರ ಹೆಸರಿಗೇ ಹೋಗುತ್ತದೆ. ಆ ತಪ್ಪು ಮೈಕ್ರೋಸ್ಕೋಪಿನಲ್ಲಿ ಕಾಣುವುದಿಲ್ಲ.

ಸರ್ಜನ್ ತುಂಡನ್ನು ಕೊಡುವಾಗಲೇ ಅದು ಏನು, ಎಲ್ಲಿಯದು, ಎಡವೋ ಬಲವೋ ಅಂತ ಬಾಯಿಬಿಟ್ಟು ಹೇಳಬೇಕು. ಸರ್ಜನ್‌ಗೆ ಉಪಕರಣ ಕೊಡುವ ಸ್ಕ್ರಬ್ ನರ್ಸ್ ಅದನ್ನೇ ತಿರುಗಿ ಹೇಳಬೇಕು. ಡಬ್ಬಿ ಹಿಡಿದ ನರ್ಸ್ ಆಗಲೇ ಬರೆದು, ಬರೆದದ್ದನ್ನು ಜೋರಾಗಿ ಓದಬೇಕು. ಸರ್ಜನ್ ಸುಮ್ನೆ ಕೈಗಿಟ್ಟರೆ ಕೇಳಿ, ನಾಚಿಕೆ ಬೇಡ. ಒಂದು ಜಾಗದ ತುಂಡಿಗೆ ಒಂದು ಡಬ್ಬಿ. ಲೇಬಲ್ ಡಬ್ಬಿಯ ಮೈಮೇಲೆ ಇರಬೇಕು, ಮುಚ್ಚಳದ ಮೇಲಲ್ಲ, ಯಾಕೆಂದರೆ ಲ್ಯಾಬಿನಲ್ಲಿ ಮುಚ್ಚಳ ತೆಗೆದಿಟ್ಟ ಮೇಲೆ ಅದು ಯಾವ ಡಬ್ಬಿಯದು ಅಂತ ಹೇಳುವವರು ಯಾರು? ಪೂರ್ತಿ ಹೆಸರು ಮತ್ತು ಆಸ್ಪತ್ರೆಯ ನಂಬರ್ ಎರಡೂ ಬೇಕು. ಹಾಸಿಗೆ ನಂಬರ್ ಲೆಕ್ಕಕ್ಕಿಲ್ಲ, ಸಂಜೆ ಆ ಹಾಸಿಗೆಯಲ್ಲಿ ಬೇರೆಯವರು ಮಲಗಿರುತ್ತಾರೆ. ಇನ್ನೊಂದು ಮಾತು, ಹಿಂದಿನ ಪೇಷಂಟಿನ ಸ್ಟಿಕ್ಕರ್ ಹಾಳೆ ಅವರ ಜೊತೆಗೇ ಓಟಿಯಿಂದ ಆಚೆ ಹೋಗಬೇಕು. ಟೇಬಲ್ ಮೂಲೆಯಲ್ಲಿ ಉಳಿದ ಆ ಹಾಳೆಯಷ್ಟು ಅಪಾಯದ ಕಾಗದ ಓಟಿಯಲ್ಲಿ ಬೇರೆ ಇಲ್ಲ. ಬಾರ್‌ಕೋಡ್ ಇದೆಯಲ್ಲ ಅಂತ ಮೈಮರೆಯಬೇಡಿ, ತಪ್ಪು ಸ್ಟಿಕ್ಕರ್ ಕೂಡ ಚೆನ್ನಾಗಿಯೇ ಸ್ಕ್ಯಾನ್ ಆಗುತ್ತದೆ.

ಫಾರ್ಮಲಿನ್ (ತುಂಡು ಕೆಡದಂತೆ ಕಾಯುವ ದ್ರವ) ಸುರಿಯುವ ಮುಂಚೆ ಒಮ್ಮೆ ನಿಂತು ಕೇಳಿ. ಫ್ರೋಜನ್‌ಗೆ, ಅಂದರೆ ಆಪರೇಷನ್ ನಡೆಯುವಾಗಲೇ ಹೆಪ್ಪುಗಟ್ಟಿಸಿ ನೋಡುವ ಪರೀಕ್ಷೆಗೆ, ಹೋಗುವ ತುಂಡಿಗೆ ಅದು ಬೇಡ, ಹಾಗೇ ತಕ್ಷಣ ಕಳಿಸಬೇಕು. ರೋಗಾಣು ಬೆಳೆಸಿ ನೋಡುವ ಕಲ್ಚರ್‌ಗೂ ಬೇಡ, ಫಾರ್ಮಲಿನ್ ಬಿದ್ದರೆ ರೋಗಾಣು ಸತ್ತು ಕಲ್ಚರ್‌ನಲ್ಲಿ ಏನೂ ಬೆಳೆಯುವುದಿಲ್ಲ. ಲಿಂಫೋಮಾ (ಲಿಂಫ್ ಗ್ರಂಥಿಗಳ ಕ್ಯಾನ್ಸರ್) ಅನುಮಾನ ಇರುವ ಗಂಟಾದರೆ ಒಂದಷ್ಟು ಭಾಗ ತಾಜಾ ಬೇಕಾಗಬಹುದು, ಲ್ಯಾಬಿಗೆ ಫೋನ್ ಮಾಡಿ ಕೇಳಿಕೊಳ್ಳಿ. ಒಂದು ಸಲ ಸುರಿದರೆ ವಾಪಸ್ ತೆಗೆಯುವ ಹಾಗಿಲ್ಲ.

ಹಾಕಬೇಕಾದಾಗ ಧಾರಾಳವಾಗಿ ಹಾಕಿ. 10% ಫಾರ್ಮಲಿನ್ ತುಂಡಿನ ಗಾತ್ರದ ಸುಮಾರು ಹತ್ತರಷ್ಟು ಇರಬೇಕು. ಅದು ಒಳಗಿಳಿಯುವುದು ಗಂಟೆಗೆ ಸುಮಾರು 1 ಮಿಲಿಮೀಟರ್ ಅಷ್ಟೇ, ಹಾಗಾಗಿ ದೊಡ್ಡ ಗಡ್ಡೆಯನ್ನು ಚಿಕ್ಕ ಡಬ್ಬಿಗೆ ತುರುಕಿದರೆ ಹೊರಗೆ ಗಟ್ಟಿ, ನಡುವೆ ಕೊಳೆತ. ಬಾಯಿ ಅಗಲ ಇರುವ ಡಬ್ಬಿಯನ್ನೇ ತಗೊಳ್ಳಿ. ಹೋಗುವಾಗ ಮೆತ್ತಗೆ ಜಾರಿಹೋದದ್ದು ಗಟ್ಟಿಯಾದ ಮೇಲೆ ಆ ಬಾಯಿಂದ ಈಚೆ ಬರುವುದಿಲ್ಲ, ಆಮೇಲೆ ಕತ್ತರಿಸಿ ಕತ್ತರಿಸಿ ತೆಗೆಯಬೇಕು. ಸಣ್ಣ ಬಯಾಪ್ಸಿ (ಪರೀಕ್ಷೆಗೆ ತೆಗೆದ) ಚೂರನ್ನು ಒಣ ಗಾಜ್ ಬಟ್ಟೆಯ ಮೇಲೆ ಇಟ್ಟು ಮರೆಯಬೇಡಿ, ಒಣಗಿ ಅಂಟಿಕೊಂಡರೆ ಅದು ಕೆಟ್ಟ ಹಾಗೆಯೇ. ಅದೇ ಗಾಜ್ ಕಸಕ್ಕೆ ಹೋದದ್ದೂ ಉಂಟು. ಸ್ತನದ ಗಡ್ಡೆಯಾದರೆ ತೆಗೆದ ಒಂದು ಗಂಟೆಯೊಳಗೆ ಫಾರ್ಮಲಿನ್‌ಗೆ ಬೀಳಬೇಕು, ಅದರಲ್ಲಿ 6 ರಿಂದ 72 ಗಂಟೆ ಇರಬೇಕು. ಗಡ್ಡೆ ಹಾರ್ಮೋನಿಗೆ ಸ್ಪಂದಿಸುತ್ತದೆಯೇ ಅಂತ ನೋಡುವ ಹಾರ್ಮೋನ್ ರಿಸೆಪ್ಟರ್ ಪರೀಕ್ಷೆ ಸರಿ ಬರುವುದು ಇದರ ಮೇಲೆ ನಿಂತಿದೆ. ತೆಗೆದ ಹೊತ್ತು, ಫಾರ್ಮಲಿನ್‌ಗೆ ಹಾಕಿದ ಹೊತ್ತು ಎರಡನ್ನೂ ಲ್ಯಾಬಿಗೆ ಹೋಗುವ ಫಾರಂನಲ್ಲಿ ಬರೆಯಿರಿ. ಸರ್ಜನ್ ಗುರುತಿಗೆ ಹಾಕಿದ ಹೊಲಿಗೆ ಇದ್ದರೆ, ಉದ್ದದ ದಾರ ಯಾವ ಕಡೆ, ಗಿಡ್ಡದು ಯಾವ ಕಡೆ ಅನ್ನುವುದನ್ನೂ ಬರೆಯಿರಿ. ಬರೆಯದಿದ್ದರೆ ಅದು ಬರೀ ದಾರ.

ಸೀನಿಯರ್‌ಗಳು ಗೊಣಗಿದರೆ ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ತಂದ ಸರ್ಜರಿ ಚೆಕ್‌ಲಿಸ್ಟ್ ತೋರಿಸಿ. ಪೇಷಂಟ್ ಓಟಿ ಬಿಡುವ ಮುಂಚೆ ನರ್ಸ್ ಸ್ಯಾಂಪಲ್ ಲೇಬಲ್‌ಗಳನ್ನು ಪೇಷಂಟ್ ಹೆಸರು ಸಮೇತ ಜೋರಾಗಿ ಓದಬೇಕು ಅಂತ ಅದರಲ್ಲೇ ಇದೆ. ಆಗ ಯಾರಿಗಾದರೂ ಅನುಮಾನ ಬಂದರೆ ಕೇಳಲು ಸರ್ಜನ್ ಇನ್ನೂ ಅಲ್ಲೇ ಇರುತ್ತಾರೆ, ಅಲ್ವಾ?

ಪ್ರಶ್ನೆ: ಅಕ್ಕನ ಬಯಾಪ್ಸಿಯನ್ನು ಲ್ಯಾಬಿನವರು ತಡೆಹಿಡಿದರು. ಫಾರಂನಲ್ಲಿ ಬಲ, ಡಬ್ಬಿಯ ಮೇಲೆ ಎಡ ಅಂತ ಇತ್ತಂತೆ. ಇಷ್ಟು ಸಣ್ಣದಕ್ಕೆ ನಮ್ಮನ್ನು ಕಾಯಿಸಬೇಕಿತ್ತಾ?

ಉತ್ತರ: ಕಾಯುವ ಸಂಕಟ ಅರ್ಥವಾಗುತ್ತದೆ. ಆದರೂ ಲ್ಯಾಬಿನವರು ಮಾಡಿದ್ದೇ ಸರಿ. ಊಹೆ ಮಾಡಿ ಮುಂದೆ ಹೋಗಿದ್ದರೆ ಮುಂದಿನ ಆಪರೇಷನ್ ಚೆನ್ನಾಗಿರುವ ಕಡೆಯೇ ಆಗಬಹುದಿತ್ತು. ಸ್ಯಾಂಪಲ್ ತೆಗೆದವರೇ ತಿದ್ದಿ, ಸಹಿ ಹಾಕಿ ಕೊಡಬೇಕು, ಫೋನಿನಲ್ಲಿ ಹೇಳಿದರೆ ಸಾಲದು. ರಿಪೋರ್ಟ್ ಬಂದಾಗ ನೀವೂ ಒಂದು ಕೆಲಸ ಮಾಡಿ. ಎಷ್ಟು ತುಂಡು, ಎಲ್ಲಿಂದ ತೆಗೆದರು ಅಂತ ಸರ್ಜನ್ ಹತ್ತಿರ ಕೇಳಿ, ರಿಪೋರ್ಟಿನಲ್ಲಿ "ಬಂದದ್ದು" ಅಂತ ಬರೆದಿರುವುದಕ್ಕೆ ತಾಳೆ ನೋಡಿ. ಆಗಲೂ ಅನುಮಾನ ಉಳಿದರೆ, ತುಂಡನ್ನು ಹುದುಗಿಸಿದ ಮೇಣದ ಬ್ಲಾಕ್ ಅನ್ನು ಲ್ಯಾಬಿನಲ್ಲಿ ಎತ್ತಿಟ್ಟಿರುತ್ತಾರೆ. ಅದರ ಡಿಎನ್ಎಯನ್ನು ಅಕ್ಕನ ರಕ್ತದ ಜೊತೆ ಹೋಲಿಸಿ ನೋಡುವುದಕ್ಕೂ ದಾರಿಯಿದೆ.

ಪ್ರಶ್ನೆ: ಡಬ್ಬಿಯನ್ನು ನಮ್ಮ ಕೈಗೇ ಕೊಟ್ಟು, ಹೊರಗಿನ ಲ್ಯಾಬಿಗೆ ಒಯ್ಯಿರಿ ಅಂದರು. ದಾರಿಯಲ್ಲಿ ಕೆಡುವುದಿಲ್ಲವಾ?

ಉತ್ತರ: ಫಾರ್ಮಲಿನ್‌ನಲ್ಲಿದ್ದರೆ ಒಂದೆರಡು ಗಂಟೆಯ ದಾರಿಗೆ ಕೆಡುವುದಿಲ್ಲ. ಕೈಗೆ ತಗೊಳ್ಳುವ ಮುಂಚೆ ಹೆಸರು, ನಂಬರ್, ಯಾವ ಭಾಗ ಅನ್ನುವುದನ್ನು ನೀವೇ ಓದಿ. ಮುಚ್ಚಳ ಗಟ್ಟಿ ಇದೆಯಾ ನೋಡಿ, ಪ್ಲಾಸ್ಟಿಕ್ ಕವರಿನಲ್ಲಿ ನೆಟ್ಟಗೆ ಇಡಿ, ಫಾರಂ ಬೇರೆ ಕವರಿನಲ್ಲಿರಲಿ, ಸೋರಿದರೆ ಅಕ್ಷರ ಅಳಿಸಿಹೋಗುತ್ತದೆ. ಫ್ರೀಜರ್‌ನಲ್ಲಿ ಇಡಲೇಬೇಡಿ, ಮಂಜುಗಟ್ಟಿದರೆ ತುಂಡು ಹಾಳು. ನೋಡೋಣ ಅಂತ ಮುಚ್ಚಳ ತೆಗೆಯಬೇಡಿ. ಆ ಆವಿಗೆ ಕಣ್ಣು ಮೂಗು ಉರಿಯುತ್ತವೆ, ಜೊತೆಗೆ ಅದರಲ್ಲಿರುವ ಫಾರ್ಮಾಲ್ಡಿಹೈಡ್ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿದೆ. ಡಬ್ಬಿಯಲ್ಲಿ ನೀರು ಇಲ್ಲದೆ ಒಣಗಿದ ಹಾಗೆ ಕಂಡರೆ, ಅಥವಾ ಕಲ್ಚರ್‌ಗೆ ಅಂತ ಹೇಳಿದ್ದರೆ, ಎಷ್ಟು ಹೊತ್ತಿನೊಳಗೆ ತಲುಪಿಸಬೇಕು ಅಂತ ಅಲ್ಲೇ ಕೇಳಿಕೊಂಡು ಹೊರಡಿ. ಲ್ಯಾಬಿನ ಕೌಂಟರ್ ಮೇಲೆ ಇಟ್ಟು ಬರಬೇಡಿ. ಒಬ್ಬರ ಕೈಗೆ ಕೊಟ್ಟು, ಎಷ್ಟು ಡಬ್ಬಿ, ಎಷ್ಟು ಗಂಟೆಗೆ ಅಂತ ಬರೆಸಿ ಸಹಿ ತಗೊಂಡು ಬನ್ನಿ.