ಇಬ್ಬರೇ ಸುಮ್ನೆ ಸುತ್ತಾಡೋಕೆ 110ರ ಜಿಬ್ ಸಾಕಾ, 150ರ ಜೆನೋವಾ ಬೇಕಾ?

ಹಾಯಿದೋಣಿಯ ಮುಂದಿನ ಹಾಯಿಗೆ 110 ಅಳತೆಯ ಚಿಕ್ಕ ಜಿಬ್ ಹೊಲಿಸಲಾ, ಕೂವೆ (ಹಾಯಿಕಂಬ) ದಾಟಿ ಹಿಂದಕ್ಕೆ ಬರುವ 150ರ ದೊಡ್ಡ ಜೆನೋವಾ ಹೊಲಿಸಲಾ ಅಂತ ನೀವು ಕೇಳಿದ ಪ್ರಶ್ನೆಯ ಕೊನೆಯ ಸಾಲು ಓದಿ ಸುಮ್ಮನಿರೋಕೆ ಆಗಲಿಲ್ಲ. "150 ತಗೊಂಡರೆ ಎರಡೂ ಸಿಕ್ಕ ಹಾಗೆ ಅಲ್ವಾ? ಗಾಳಿ ಜಾಸ್ತಿ ಆದಾಗ ಫರ್ಲರಿನಲ್ಲಿ ಸುತ್ತಿ 110 ಮಾಡಿಕೊಂಡರಾಯ್ತು" ಅಂತ ಕೇಳಿದ್ದೀರಿ. ಫರ್ಲರ್ ಅಂದರೆ ಹಾಯಿಯನ್ನು ಅದರ ಮುಂದಿನ ಅಂಚಿನ ಸುತ್ತ ಸುರುಳಿ ಸುತ್ತುವ ಸಾಧನ. ಎಂಟು ವರ್ಷದ ಹಿಂದೆ ನಾನು ನನ್ನ ಹೆಂಡತಿಗೆ ಹೆಚ್ಚುಕಮ್ಮಿ ಇದೇ ಮಾತು ಹೇಳಿದ್ದೆ. ಎರಡೂ ಸಿಗಲ್ಲ. ಒಂದು ಒಳ್ಳೆಯ ದೊಡ್ಡ ಹಾಯಿ ಸಿಗುತ್ತೆ, ಒಂದು ಕೆಟ್ಟ ಚಿಕ್ಕ ಹಾಯಿ ಸಿಗುತ್ತೆ. ಆ ಕೆಟ್ಟದ್ದು ಕೈಗೆ ಬರೋದು ಗಾಳಿ ಜೋರಾಗಿರುವಾಗಲೇ.

ನನ್ನದು 28 ಅಡಿಯ ದೋಣಿ. ನಿಮ್ಮ ಹಾಗೇ ವಾರದ ಕೊನೆಗೆ ಇಬ್ಬರೇ ಹೋಗೋದು. ರೇಸ್ ಇಲ್ಲ, ಅವಸರ ಇಲ್ಲ. ಹಳೆಯ ಮುಂದಿನ ಹಾಯಿ ಸವೆದು ಹೋಗಿತ್ತು, ಹೊಸದು ಹೊಲಿಸಬೇಕಿತ್ತು. ನಾವು ಹೊರಡೋದು ಬೆಳಿಗ್ಗೆ, ಗಾಳಿ ಆರೇಳು ನಾಟ್ (ಗಂಟೆಗೆ ಸುಮಾರು ಹನ್ನೆರಡು ಕಿಲೋಮೀಟರ್) ಇರುವಾಗ. ಅದಕ್ಕೇ ದೊಡ್ಡದೇ ಇರಲಿ ಅಂದುಕೊಂಡೆ. ಹೊಲಿಯುವವರು 135ಕ್ಕಿಂತ ಮೇಲೆ ಬೇಡ ಅಂತ ಒಂದು ಸಲ ಹೇಳಿದ್ದರು. ನಾನು ಕೇಳಲಿಲ್ಲ.

ಈ ಅಂಕಿಗಳು ಏನು ಹೇಳುತ್ತವೆ ಅಂತ ಆಗ ನನಗೆ ಸರಿಯಾಗಿ ಗೊತ್ತಿರಲಿಲ್ಲ. ಕೂವೆಯ ಮುಂಭಾಗದಿಂದ, ಅದನ್ನು ಮುಂದಿನಿಂದ ಹಿಡಿದಿಡುವ ಫೋರ್‌ಸ್ಟೇ ತಂತಿ ಡೆಕ್ಕಿಗೆ ಸೇರುವ ಜಾಗದವರೆಗಿನ ದೂರಕ್ಕೆ 'ಜೆ' ಅಂತಾರೆ. ಹಾಯಿಯ ಹಿಂದಿನ ಮೂಲೆಯಿಂದ ಅದರ ಮುಂದಿನ ಅಂಚಿಗೆ ಲಂಬವಾಗಿ ಅಳೆದರೆ ಎಷ್ಟು ಬರುತ್ತೋ, ಅದು 'ಜೆ'ಯ ಶೇಕಡಾ ಎಷ್ಟು ಅನ್ನೋದೇ ಈ 110, 150. ನನ್ನ ದೋಣಿಯಲ್ಲಿ 'ಜೆ' 11 ಅಡಿ, ಹಾಯಿಯ ಮುಂದಿನ ಅಂಚು 35 ಅಡಿ. ಹಾಗಾಗಿ 110 ಅಂದರೆ ಸುಮಾರು 212 ಚದರಡಿ ಬಟ್ಟೆ, 150 ಅಂದರೆ 289. ಜಾಸ್ತಿಯಾಗುವ 77 ಚದರಡಿ ಹೆಚ್ಚುಕಮ್ಮಿ ಪೂರ್ತಿ ಕೂವೆ ದಾಟಿ ಹಿಂದೆ ಬರುತ್ತೆ. ಪ್ರತಿ ಸಲ ಟ್ಯಾಕ್ ಮಾಡುವಾಗ, ಅಂದರೆ ಗಾಳಿ ಇನ್ನೊಂದು ಬದಿಯಿಂದ ಬರುವ ಹಾಗೆ ದೋಣಿಯ ಮೂತಿ ಗಾಳಿಗೆ ಅಡ್ಡ ತಿರುಗಿಸುವಾಗ, ಅದನ್ನು ಕೂವೆ ಮತ್ತು ಪಕ್ಕದ ತಂತಿಗಳ ಮುಂದಿನಿಂದ ಇನ್ನೊಂದು ಬದಿಗೆ ಎಳೆದು ತರಬೇಕು, ಆಮೇಲೆ ವಿಂಚ್ (ಹಗ್ಗ ಬಿಗಿಯುವ ಉರುಳೆ) ತಿರುಗಿಸಿ ತಿರುಗಿಸಿ ಬಿಗಿ ಮಾಡಬೇಕು. ನಮ್ಮಲ್ಲಿ ವಿಂಚ್ ಕೆಲಸ ನನ್ನ ಹೆಂಡತಿಯದು, ಚುಕ್ಕಾಣಿ ನನ್ನದು.

ಮೊದಲ ಎರಡು ತಿಂಗಳು ಖುಷಿಯೋ ಖುಷಿ. ಮೆಲ್ಲನೆ ಗಾಳಿಯಲ್ಲಿ ದೋಣಿ ಜಾರಿಕೊಂಡು ಹೋಗುತ್ತಿತ್ತು.

ಆಮೇಲೆ ಒಂದು ದಿನ ಮಧ್ಯಾಹ್ನ ಗಾಳಿ ಹಿಂದಿನಿಂದ ಬರುತ್ತಿತ್ತು. ಹಿಂದಿನಿಂದ ಬರುವ ಗಾಳಿಯ ಜೋರು ದೋಣಿಯಲ್ಲಿ ಕೂತವರಿಗೆ ಗೊತ್ತೇ ಆಗಲ್ಲ, ದೋಣಿಯೂ ಅದರ ಜೊತೆಗೇ ಓಡುತ್ತಿರುತ್ತಲ್ಲ. ಹೆಂಡತಿ ನೀರು ನೋಡಿ ಹೇಳಿದಳು, "ರೀ, ಬಿಳಿ ನೊರೆ ಏಳ್ತಾ ಇದೆ, ಸ್ವಲ್ಪ ಸುತ್ತಿಬಿಡೋಣ." ಇನ್ನೊಂದು ಅರ್ಧ ಗಂಟೆ ನೋಡೋಣ ಅಂದೆ. ಮನೆ ಕಡೆ ತಿರುಗಿಸಿದ ಮೇಲೆ ಮುಖಕ್ಕೆ ಹೊಡೆಯಿತು. ಮೀಟರಿನಲ್ಲಿ 20 ನಾಟ್, ಬೀಸು ಬಂದಾಗ 25. ಗಾಳಿಯ ವೇಗ ಎರಡು ಪಟ್ಟಾದರೆ ಹಾಯಿ ಮೇಲಿನ ಒತ್ತಡ ನಾಲ್ಕು ಪಟ್ಟಾಗುತ್ತೆ. ಬೆಳಿಗ್ಗೆ 8 ನಾಟಿನಲ್ಲಿ ಹೊರಟವರಿಗೆ 20 ಅಂದರೆ ಆರು ಪಟ್ಟಿಗೂ ಮೇಲೆ.

ಗಾಬರಿ ಆಗಲಿಲ್ಲ. ಫರ್ಲರ್ ಇದೆಯಲ್ಲ, ಸುತ್ತಿದೆ. ಹೆಚ್ಚುಕಮ್ಮಿ ಅರ್ಧ ಸುತ್ತಿದೆ. ಈಗ ಇದು 110 ಜಿಬ್ ಅಂದುಕೊಂಡೆ.

ನನ್ನ ತಪ್ಪು ಇದೇ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ನೀವೂ ಇದೇ ಜಾಗದಲ್ಲಿ ನಿಂತಿದ್ದೀರಿ.

ಹಾಯಿ ಚಪ್ಪಟೆ ಬಟ್ಟೆಯಲ್ಲ. ಪಟ್ಟಿ ಪಟ್ಟಿಯಾಗಿ ಕತ್ತರಿಸಿ, ಅಂಚುಗಳನ್ನು ಬಾಗಿಸಿ ಹೊಲಿದು, ಅದಕ್ಕೆ ಒಂದು ಹೊಟ್ಟೆ ಬರಿಸಿರುತ್ತಾರೆ. ಚಾಪೆ ಅರ್ಧ ಸುತ್ತಿದರೆ ಸಣ್ಣ ಚಾಪೆ ಆಗುತ್ತೆ. ಜೋಳಿಗೆ ಅರ್ಧ ಸುತ್ತಿದರೆ ಸಣ್ಣ ಜೋಳಿಗೆ ಆಗಲ್ಲ. ಹಾಯಿಯ ಮೇಲಿನ ಮೂಲೆ, ಕೆಳಗಿನ ಮೂಲೆ ಎರಡರಲ್ಲೂ ಗಟ್ಟಿಗೆ ಅಂತ ಬಟ್ಟೆಯ ಮೇಲೆ ಬಟ್ಟೆ ಹೊಲಿದಿರುತ್ತಾರೆ. ಸುತ್ತುವಾಗ ಅಲ್ಲಿ ಸುರುಳಿ ದಪ್ಪ ಆಗುತ್ತೆ, ಒಂದೊಂದು ಸುತ್ತಿಗೆ ಜಾಸ್ತಿ ಬಟ್ಟೆ ಒಳಗೆ ಹೋಗುತ್ತೆ. ನಡುವೆ ಸುರುಳಿ ತೆಳು, ಕಮ್ಮಿ ಬಟ್ಟೆ ಹೋಗುತ್ತೆ. ಅಂದರೆ ಸುತ್ತಿದಷ್ಟೂ ಮೇಲೆ ಕೆಳಗೆ ಬಿಗಿ, ನಡುವೆ ಸಡಿಲ. ಗಾಳಿ ಜೋರಾದಾಗ ಹಾಯಿ ಚಪ್ಪಟೆ ಇರಬೇಕು, ಆಗಲೇ ಅದು ಇನ್ನೂ ಹೊಟ್ಟೆ ಬಿಡುತ್ತೆ. ಮುಂದಿನ ಅಂಚಿನೊಳಗೆ ಫೋಮ್ ಪಟ್ಟಿ ಹೊಲಿಸುತ್ತಾರಲ್ಲ, ಅದು ಇದಕ್ಕೇ, ನಡುವಿನ ಸುರುಳಿ ದಪ್ಪ ಆಗಲಿ ಅಂತ. ನನ್ನದರಲ್ಲೂ ಇತ್ತು. ಹಾಯಿಯ ನಾಲ್ಕನೇ ಒಂದು ಭಾಗ ಸುತ್ತುವವರೆಗೆ ಅದು ಕೆಲಸ ಮಾಡುತ್ತೆ, ಆಮೇಲೆ ಅದರ ಕೈಲೂ ಆಗಲ್ಲ. 289ರಿಂದ 212ಕ್ಕೆ ಬರೋಕೇ ನಾಲ್ಕನೇ ಒಂದಕ್ಕಿಂತ ಸ್ವಲ್ಪ ಜಾಸ್ತಿ ಸುತ್ತಬೇಕು. ನಾನು ಅದನ್ನೂ ದಾಟಿ ಸುತ್ತಿದ್ದೆ.

ಬಟ್ಟೆಯ ವಿಷಯ ಬೇರೆ. ಮೆಲ್ಲನೆ ಗಾಳಿಗೆ ಅಂತ ಹೊಲಿಸಿದ ಹಾಯಿ, ಬಟ್ಟೆ ತೆಳು. 25 ನಾಟ್ ಗಾಳಿಗೆ ಅದು ಹಿಗ್ಗುತ್ತೆ, ಇರುವ ಹೊಟ್ಟೆ ಇನ್ನೂ ದೊಡ್ಡದಾಗುತ್ತೆ. ಸುತ್ತಿ ಅಗಲ ಕಮ್ಮಿ ಮಾಡಬಹುದು, ಬಟ್ಟೆಯನ್ನು ದಪ್ಪ ಮಾಡೋಕಾಗಲ್ಲ.

ಹಗ್ಗದ ಕೋನವೂ ಹಾಳಾಗಿತ್ತು. ಹಾಯಿ ಸುತ್ತಿದಾಗ ಅದರ ಹಿಂದಿನ ಮೂಲೆ ಮುಂದಕ್ಕೂ ಮೇಲಕ್ಕೂ ಹೋಗುತ್ತೆ. ಆ ಮೂಲೆಯನ್ನು ಎಳೆದು ಹಿಡಿಯುವ ಶೀಟ್ ಹಗ್ಗ ಹಾದು ಬರುವ ರಾಟೆಯನ್ನೂ ಹಳಿಯ ಮೇಲೆ ಮುಂದಕ್ಕೆ ಸರಿಸಬೇಕು. ಸರಿಸದಿದ್ದರೆ ಹಗ್ಗ ಕೆಳಗಿನ ಅಂಚನ್ನು ಮಾತ್ರ ಎಳೆಯುತ್ತೆ, ಮೇಲಿನ ಭಾಗ ತಿರುಚಿಕೊಂಡು ಪಟಪಟ ಹೊಡೆದುಕೊಳ್ಳುತ್ತೆ. ಹಗ್ಗ ಅಷ್ಟು ಬಿಗಿಯಾಗಿರುವಾಗ ರಾಟೆ ಒಂದು ಇಂಚೂ ಜರುಗಲಿಲ್ಲ.

ಒಟ್ಟಿನಲ್ಲಿ ಆ ಹಾಯಿ ನಮ್ಮನ್ನು ಮುಂದಕ್ಕೆ ಎಳೆಯಲಿಲ್ಲ, ಪಕ್ಕಕ್ಕೆ ತಳ್ಳಿತು. ದೋಣಿ ಅಂಚು ಮುಳುಗುವಷ್ಟು ವಾಲಿತು. ಒಂದು ಟ್ಯಾಕ್ ಮಾಡಿದೆವು, ಇನ್ನೊಂದು ಮಾಡಿದೆವು. ದಡದ ಮೇಲೆ ಒಂದು ಬಿಳಿ ಗೋಡೆ ಕಾಣುತ್ತಿತ್ತು. ಮುಕ್ಕಾಲು ಗಂಟೆ ಆದ ಮೇಲೂ ಅದೇ ಗೋಡೆ ಅಲ್ಲೇ ಇತ್ತು. ಎದುರುಗಾಳಿಗೆ ಒಂದು ಗಜವೂ ಮುಂದೆ ಹೋಗಿರಲಿಲ್ಲ.

ಸರಿ, ಪೂರ್ತಿ ಸುತ್ತಿ ಎಂಜಿನ್ ಹಾಕೋಣ ಅಂದೆ. ಸುತ್ತಬೇಕಾದರೆ ಶೀಟ್ ಸಡಿಲ ಬಿಡಲೇಬೇಕು. ಬಿಟ್ಟ ಕೂಡಲೇ ಹಾಯಿ ಹುಚ್ಚೆದ್ದು ಹೊಡೆದುಕೊಳ್ಳೋಕೆ ಶುರುವಾಯ್ತು. ಕೂವೆ ಬುಡದಿಂದ ನಡುಗಿತು. ಶೀಟ್ ಹಗ್ಗ ಚಾಟಿಯ ಹಾಗೆ ಬೀಸಿ ಹೆಂಡತಿಯ ಬಲಗೈ ಮಣಿಕಟ್ಟಿಗೆ ಬಡಿಯಿತು. ಅವಳು ಕೂಗಲಿಲ್ಲ. ಕೈಯನ್ನು ಹೊಟ್ಟೆಗೆ ಒತ್ತಿಕೊಂಡು ಕಾಕ್‌ಪಿಟ್‌ನ ಮೂಲೆಯಲ್ಲಿ ಕೂತುಬಿಟ್ಟಳು. ಇನ್ನೊಂದು ಕೈಯಲ್ಲಿ ವಿಂಚಿನ ಹಿಡಿ ಇನ್ನೂ ಇತ್ತು, ಬಿಟ್ಟಿರಲಿಲ್ಲ. ನಾನು ಒಬ್ಬನೇ ಫರ್ಲರ್ ಹಗ್ಗ ಎಳೆದೆ. ಎಳೆದು ಎಳೆದು ಒಂದು ಹಂತದಲ್ಲಿ ಹಗ್ಗ ನಿಂತುಬಿಟ್ಟಿತು. ಇನ್ನೂ ಒಂದು ಮೊಳ ಅಗಲದ ಬಟ್ಟೆ ಹೊರಗೇ ಇತ್ತು. ದಡ ಮುಟ್ಟುವ ತನಕ ಅದು ಹೊಡೆದುಕೊಳ್ಳುತ್ತಲೇ ಇತ್ತು, ಹಿಂದಿನ ಅಂಚಿನ ಹೊಲಿಗೆ ಬಿಚ್ಚಿಕೊಳ್ಳುತ್ತಾ ಬಂತು.

ಮೂಳೆ ಬಿರುಕು ಬಿಟ್ಟಿತ್ತು. ಆರು ವಾರ ಪ್ಲಾಸ್ಟರ್. ಕೈ ವಾಸಿಯಾದ ಮೇಲೂ ಒಂದು ವರ್ಷ ಅವಳು ದೋಣಿ ಹತ್ತಲಿಲ್ಲ. ಆ ಒಂದು ವರ್ಷ ನಾನು ಹೋದ ಕಡೆಯೆಲ್ಲ ಒಬ್ಬನೇ ಹೋದೆ. ಜಿಬ್ಬೋ ಜೆನೋವಾನೋ ಅನ್ನುವ ಲೆಕ್ಕದಲ್ಲಿ ಇದನ್ನೂ ಸೇರಿಸಿಕೊಳ್ಳಿ.

ಅದಾದ ಮೇಲೆ ಹೊಲಿಸಿದ್ದು 110. ದಪ್ಪ ಬಟ್ಟೆ, ಹಿಂದಿನ ಮೂಲೆ ಸ್ವಲ್ಪ ಎತ್ತರದಲ್ಲಿ, ಅಡಿಯಿಂದ ಎದುರಿನ ನೀರು ಕಾಣುವ ಹಾಗೆ. ಜೆನೋವಾ ಡೆಕ್ಕಿಗೆ ಅಂಟಿಕೊಂಡು ಇರುತ್ತಿತ್ತು, ವಾಲಿದ ಕಡೆಯಿಂದ ಯಾರಾದರೂ ಬಂದರೆ ಬಗ್ಗಿ ನೋಡಬೇಕಿತ್ತು. ಈಗ ಟ್ಯಾಕ್ ಮಾಡೋಕೆ ಒಂದು ಕೈ ಸಾಕು, ಹಾಯಿ ತಾನಾಗೇ ಆ ಕಡೆ ಹೋಗುತ್ತೆ, ವಿಂಚ್ ಎರಡು ಮೂರು ಸುತ್ತು ತಿರುಗಿಸಿದರೆ ಆಯ್ತು. ಗಾಳಿ 18 ದಾಟಿದರೆ ಮೊದಲು ಮೈನ್‌ಸೈಲ್ (ಕೂವೆಯ ಹಿಂದಿನ ಮುಖ್ಯ ಹಾಯಿ) ರೀಫ್ ಮಾಡುತ್ತೇವೆ, ಅಂದರೆ ಮಡಚಿ ಚಿಕ್ಕದು ಮಾಡುತ್ತೇವೆ, ಆಮೇಲೆ ಬೇಕಾದರೆ ಮುಂದಿನದನ್ನು ಎರಡು ಸುತ್ತು. ಅಷ್ಟೇ ಸುತ್ತಿದರೆ ಆಕಾರ ಕೆಡಲ್ಲ. ಹೆಂಡತಿ ಈಗ ಬರುತ್ತಾಳೆ. ಚುಕ್ಕಾಣಿ ಅವಳದ್ದು.

ಮೆಲ್ಲನೆ ಗಾಳಿಗೆ ಏನು ಮಾಡ್ತೀರಿ ಅಂತ ಕೇಳುತ್ತೀರಿ, ಗೊತ್ತು. 6 ನಾಟಿಗಿಂತ ಕಮ್ಮಿ ಇದ್ದರೆ ನಿಮ್ಮ ಹಾಗೆ ಸುಮ್ನೆ ಸುತ್ತಾಡುವವರು 150 ಇದ್ದರೂ ಎಂಜಿನ್ ಹಾಕೇ ಹಾಕುತ್ತಾರೆ. 7ರಿಂದ 10ರೊಳಗೆ ನನ್ನ ದೋಣಿ ನಿಧಾನ, ಅದು ನಿಜ, ಬೇರೆಯವರು ದಾಟಿ ಹೋಗುತ್ತಾರೆ. ಅದು ಸಹಿಸೋಕೆ ಆಗದಿದ್ದರೆ ತೆಳು ಬಟ್ಟೆಯ ಒಂದು ಜೆನೇಕರ್ (ಮೆಲ್ಲನೆ ಗಾಳಿಯ ದೊಡ್ಡ ಮುಂದಿನ ಹಾಯಿ) ಬೇರೆಯಾಗಿ ಇಟ್ಟುಕೊಳ್ಳಿ. ಬೇಕಾದಾಗ ಏರಿಸಿ, ಬೇಡವಾದಾಗ ಚೀಲಕ್ಕೆ ಹಾಕಿ. 150ರ ಮೋಹ ನಮಗೆ ಬಂದಿದ್ದೇ ರೇಸಿನವರಿಂದ. ಅನೇಕ ಕಡೆ ಪಿಎಚ್‌ಆರ್‌ಎಫ್ (ಬೇರೆ ಬೇರೆ ದೋಣಿಗಳನ್ನು ರೇಸಿನಲ್ಲಿ ಸರಿದೂಗಿಸುವ ಪದ್ಧತಿ) ಲೆಕ್ಕದಲ್ಲಿ 155ರವರೆಗೆ ದಂಡ ಇಲ್ಲ, ಅದಕ್ಕೆ ಅವರು ಅಷ್ಟು ದೊಡ್ಡದು ಕಟ್ಟುತ್ತಾರೆ. ಅವರ ದೋಣಿಯಲ್ಲಿ ಅದು ವಾಲದ ಹಾಗೆ ಅಂಚಿನ ಮೇಲೆ ಕೂರೋಕೆ ಐದಾರು ಜನ ಇರುತ್ತಾರೆ, ಗಾಳಿ ಏರಿದರೆ ಬದಲಾಯಿಸೋಕೆ ಇನ್ನೊಂದು ಹಾಯಿ ಇರುತ್ತೆ. ನಿಮ್ಮಲ್ಲಿ ಇಬ್ಬರು ಜನ, ಒಂದು ಹಾಯಿ.

ಒಂದು ವಿಷಯದಲ್ಲಿ ಮಾತ್ರ ನನ್ನ ಮಾತು ಸಡಿಲಿಸುತ್ತೇನೆ. ನಿಮ್ಮ ದೋಣಿ ಯಾವ ಕಾಲದ್ದು ಅಂತ ಬರೆದಿಲ್ಲ. 1970ರ ದಶಕದ್ದಾಗಿ, ಫೋರ್‌ಸ್ಟೇ ಕೂವೆಯ ತುದಿಗೇ ಹೋಗಿದ್ದು, ಮೈನ್‌ಸೈಲ್ ಚಿಕ್ಕದಿದ್ದರೆ, ಅದು ಆಗಿನ ಐಓಆರ್ ಅನ್ನುವ ರೇಸ್ ದೋಣಿಗಳ ಅಳತೆ ನಿಯಮದ ಕಾಲದ ವಿನ್ಯಾಸ. ಅಂಥ ದೋಣಿ ಓಡೋದೇ ಮುಂದಿನ ಹಾಯಿಯ ಬಲದಿಂದ, 110ರಲ್ಲಿ ಬಡಕಲಾಗುತ್ತೆ. 130, ಹೆಚ್ಚೆಂದರೆ 135 ಹೊಲಿಸಿ. ಫೋರ್‌ಸ್ಟೇ ತುದಿಗಿಂತ ಕೆಳಗೇ ನಿಂತು ಮೈನ್‌ಸೈಲ್ ದೊಡ್ಡದಿದ್ದರೆ 110 ಸಾಕು. 150 ಎರಡಕ್ಕೂ ಬೇಡ.

ಯಾವುದೇ ಹಾಯಿ ಹಾಕಿ, ಫರ್ಲರ್ ಡ್ರಮ್ಮಿನಲ್ಲಿ (ಎಳೆದಾಗ ಹಗ್ಗ ಬಿಚ್ಚಿಕೊಳ್ಳುವ ಉರುಳೆಯಲ್ಲಿ) ಹಗ್ಗ ಎಷ್ಟು ಸುತ್ತು ಇದೆ ಅಂತ ಇವತ್ತೇ ಎಣಿಸಿ. ನನ್ನ ಹಗ್ಗ ನಡುವೆ ನಿಂತಿದ್ದು ಆ ಸುತ್ತು ಮುಗಿದುಹೋಗಿದ್ದಕ್ಕೇ. ಗಾಳಿ ಇಲ್ಲದಾಗ ಹಾಯಿ ಸಡಿಲವಾಗಿ ಸುತ್ತಿಕೊಳ್ಳುತ್ತೆ, ಕಮ್ಮಿ ಸುತ್ತಿನಲ್ಲಿ ಮುಗಿಯುತ್ತೆ. ಜೋರು ಗಾಳಿಯಲ್ಲಿ ಬಿಗಿಯಾಗಿ ಸುತ್ತಿಕೊಳ್ಳುತ್ತೆ, ಜಾಸ್ತಿ ಸುತ್ತು ಬೇಕಾಗುತ್ತೆ. ದಡದಲ್ಲಿ ಪೂರ್ತಿ ಸುತ್ತಿದ ಮೇಲೂ ಶೀಟ್ ಹಗ್ಗ ಅದರ ಮೇಲೆ ಮೂರು ನಾಲ್ಕು ಸಲ ಸುತ್ತಿಕೊಳ್ಳುವಷ್ಟು ಹಗ್ಗ ಡ್ರಮ್ಮಿನಲ್ಲಿ ಉಳಿದಿರಬೇಕು. ಉಳಿದಿಲ್ಲ ಅಂದರೆ ಶೀಟ್ ಬಿಚ್ಚಿ, ಡ್ರಮ್ಮನ್ನು ಕೈಯಿಂದಲೇ ತಿರುಗಿಸಿ ಇನ್ನಷ್ಟು ಹಗ್ಗ ತುಂಬಿಕೊಳ್ಳಿ. ಹತ್ತು ನಿಮಿಷದ ಕೆಲಸ.